ಚಿತ್ರಕಥೆಗಳ ಡಿಜಿಟಲ್ ವರ್ಣಲೇಪನ

ಚಿತ್ರಕಥೆಗಳ ಡಿಜಿಟಲ್ ವರ್ಣಲೇಪನ ಎಂದರೆ ಚಿತ್ರಕಥೆಯ (ಕಾಮಿಕ್ಸ್) ಕಪ್ಪು ಮಸಿಯ ರೇಖಾಚಿತ್ರವನ್ನು ಗಣಕಯಂತ್ರದಲ್ಲಿ ಶುದ್ಧಗೊಳಿಸಿ, ರೇಖೆಯನ್ನು ಕಾಗದದ ಬಿಳುಪಿನಿಂದ ಬೇರ್ಪಡಿಸಿ, ಅದರ ಕೆಳಗಿನ ಪದರಗಳಲ್ಲಿ ಬಣ್ಣ ತುಂಬಿ, ಮುದ್ರಣಕ್ಕೆ ಅಥವಾ ಪರದೆಗೆ ಸಿದ್ಧಪಡಿಸುವ ವಿಧಾನ. ಈ ಕೆಲಸವನ್ನು ಮಾಡುವವರನ್ನು ವರ್ಣ ಕಲಾವಿದರು ಅಥವಾ ಕಲರಿಸ್ಟ್ ಎಂದು ಕರೆಯಲಾಗುತ್ತದೆ. ರೇಖೆ, ಬಣ್ಣ ಮತ್ತು ಅಕ್ಷರ ಈ ಮೂರನ್ನೂ ಕೊನೆಯವರೆಗೆ ಬೇರೆಬೇರೆ ಪದರಗಳಲ್ಲಿ ಉಳಿಸಿಕೊಳ್ಳುವುದು ಈ ವಿಧಾನದ ಮೂಲತತ್ತ್ವ. ಒಂದೇ ಚಿತ್ರಕಥೆ ಅನೇಕ ಭಾಷೆಗಳಲ್ಲಿ ಪ್ರಕಟವಾಗುವ ಭಾರತದಲ್ಲಿ ಈ ಬೇರ್ಪಡಿಕೆಗೆ ವಿಶೇಷ ಮಹತ್ತ್ವವಿದೆ. ಪದರಗಳು ಬೆಸೆದುಹೋದ ಪುಟವನ್ನು ಕನ್ನಡಕ್ಕೆ ತರಬೇಕಾದರೆ ಚಿತ್ರದ ಭಾಗವನ್ನೇ ಅಳಿಸಿ ಮತ್ತೆ ಬರೆಯಬೇಕಾಗುತ್ತದೆ.

ಹಿನ್ನೆಲೆ

ಗಣಕಯಂತ್ರಕ್ಕೆ ಮೊದಲೂ ಚಿತ್ರಕಥೆಯ ರೇಖೆ ಮತ್ತು ಬಣ್ಣ ಬೇರೆಬೇರೆಯಾಗಿಯೇ ತಯಾರಾಗುತ್ತಿದ್ದವು. ನಾಲ್ಕು ಬಣ್ಣದ ಮುದ್ರಣದಲ್ಲಿ ಸಿಯಾನ್ (ಹಸಿರುಮಿಶ್ರಿತ ನೀಲಿ), ಮೆಜೆಂಟಾ (ಕೆನ್ನೇರಳೆ), ಹಳದಿ ಮತ್ತು ಕಪ್ಪು ಎಂಬ ನಾಲ್ಕು ಮಸಿಗಳಿಗೆ ನಾಲ್ಕು ಪ್ರತ್ಯೇಕ ಪ್ಲೇಟುಗಳಿರುತ್ತವೆ. ಕಲಾವಿದನ ರೇಖೆ ಕಪ್ಪು ಪ್ಲೇಟಿಗೆ ಹೋಗುತ್ತಿತ್ತು. ಉಳಿದ ಮೂರು ಪ್ಲೇಟುಗಳನ್ನು ಮುದ್ರಣಾಲಯದ ಕೆಲಸಗಾರರು ಬಣ್ಣದ ಸೂಚನೆಗಳನ್ನು ನೋಡಿ ತಯಾರಿಸುತ್ತಿದ್ದರು. ಬೆಂಜಮಿನ್ ಹೆನ್ರಿ ಡೇ ಜೂನಿಯರ್ 1879ರಲ್ಲಿ ರೂಪಿಸಿದ ಚುಕ್ಕೆಗಳ ವಿಧಾನದಿಂದ ತಿಳಿಬಣ್ಣಗಳನ್ನು ಮುದ್ರಿಸುವುದು ಸಾಧ್ಯವಾಯಿತು. ಅಮೆರಿಕದ ಹಳೆಯ ಕಾಮಿಕ್ ಪುಸ್ತಕಗಳಲ್ಲಿ ಮೂರು ಮಸಿಗಳಲ್ಲಿ ಪ್ರತಿಯೊಂದನ್ನೂ 0, 25, 50 ಮತ್ತು 100 ಶೇಕಡಾ ಪ್ರಮಾಣಗಳಲ್ಲಿ ಬೆರೆಸಲಾಗುತ್ತಿತ್ತು. ಹೀಗೆ ಬಿಳಿಯೂ ಸೇರಿ ಒಟ್ಟು 64 ಬಣ್ಣಗಳು ಮಾತ್ರ ದೊರೆಯುತ್ತಿದ್ದವು.

ಬಣ್ಣವನ್ನು ರೇಖೆಯ ಕಲಾವಿದನಲ್ಲದೆ ಬೇರೊಬ್ಬರು ನಿರ್ಧರಿಸುತ್ತಿದ್ದರು ಎಂಬುದಕ್ಕೆ ಫ್ಯಾಂಟಮ್ ಪಾತ್ರದ ಉಡುಪು ಪ್ರಸಿದ್ಧ ನಿದರ್ಶನ. ಲೀ ಫಾಕ್ ಆ ಉಡುಪನ್ನು ಬೂದುಬಣ್ಣದ್ದೆಂದು ಕಲ್ಪಿಸಿಕೊಂಡಿದ್ದರು. 1939ರಲ್ಲಿ ಭಾನುವಾರದ ವರ್ಣಪುಟಗಳು ಆರಂಭವಾದಾಗ ಅದು ನೇರಳೆಯಾಗಿ ಅಚ್ಚಾಯಿತು. ಸ್ವೀಡನ್‌ನಲ್ಲಿ ಅದೇ ಉಡುಪು ನೀಲಿಯಾಗಿ, ಇಟಲಿಯಲ್ಲಿ ಕೆಂಪಾಗಿ ಪ್ರಕಟವಾಯಿತು. ರೇಖೆ ಒಂದೇ ಆಗಿದ್ದರೂ ಓದುಗರ ಮನಸ್ಸಿನಲ್ಲಿ ಉಳಿದ ಪಾತ್ರ ದೇಶದಿಂದ ದೇಶಕ್ಕೆ ಬೇರೆಯಾಯಿತು.

1985ರಲ್ಲಿ ಮೈಕ್ ಸಾಯೆನ್ಜ್ ರಚಿಸಿದ 'ಶ್ಯಾಟರ್' ಮ್ಯಾಕಿಂಟಾಷ್ ಗಣಕದಲ್ಲಿ ಚಿತ್ರಿಸಿ ಪ್ರಕಟಿಸಿದ ಆರಂಭಿಕ ಚಿತ್ರಕಥೆಗಳಲ್ಲಿ ಒಂದು. ಬಣ್ಣದ ವಿಷಯದಲ್ಲಿ ಜಪಾನಿನ 'ಅಕಿರಾ' ಚಿತ್ರಕಥೆಯ ಇಂಗ್ಲಿಷ್ ಆವೃತ್ತಿ ಒಂದು ತಿರುವು. ಕಪ್ಪು ಬಿಳುಪಿನಲ್ಲಿದ್ದ ಆ ಕೃತಿಗೆ 1988ರಿಂದ ಸ್ಟೀವ್ ಆಲಿಫ್ ಮತ್ತು ಅವರ ಸಂಗಡಿಗರು ಗಣಕದ ಮೂಲಕ ಬಣ್ಣ ತುಂಬಿದರು. ಫೋಟೋಶಾಪ್ ತಂತ್ರಾಂಶದ ಮೊದಲ ಆವೃತ್ತಿ 1990ರಲ್ಲಿ ಬಿಡುಗಡೆಯಾಯಿತು. 1994ರ ಮೂರನೆಯ ಆವೃತ್ತಿಯಲ್ಲಿ ಪದರಗಳ ಸೌಲಭ್ಯ ಬಂದಮೇಲೆ ಇಂದು ಬಳಕೆಯಲ್ಲಿರುವ ಕಾರ್ಯಕ್ರಮ ರೂಪುಗೊಂಡಿತು.

ಕನ್ನಡದಲ್ಲಿ ವರ್ಣಚಿತ್ರಕಥೆಗಳು

ಕನ್ನಡದ ಮಕ್ಕಳ ಪತ್ರಿಕೆಗಳಲ್ಲಿ ಬಣ್ಣದ ಚಿತ್ರಗಳಿಗೆ ದೀರ್ಘ ಪರಂಪರೆಯಿದೆ. ಮದರಾಸಿನಿಂದ 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭವಾದ 'ಚಂದಮಾಮ' 1949ರಿಂದ ಕನ್ನಡದಲ್ಲಿಯೂ ಪ್ರಕಟವಾಯಿತು. ಕನ್ನಡಿಗ ಕಲಾವಿದ ಎಂ.ಟಿ.ವಿ. ಆಚಾರ್ಯರು ಅದರ ಮುಖಪುಟಗಳಿಗೆ ರಚಿಸಿದ ಮಹಾಭಾರತದ ವರ್ಣಚಿತ್ರಗಳು ಪ್ರಸಿದ್ಧವಾಗಿವೆ. ಒಂದೇ ಚಿತ್ರವನ್ನು ಹಲವು ಭಾಷೆಗಳ ಆವೃತ್ತಿಗಳಿಗೆ ಬಳಸುವ ಪದ್ಧತಿಯನ್ನು ಈ ಪತ್ರಿಕೆ ದಕ್ಷಿಣ ಭಾರತದಲ್ಲಿ ಬೇರೂರಿಸಿತು. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಸಮೂಹ ಆರಂಭಿಸಿದ ಇಂದ್ರಜಾಲ ಕಾಮಿಕ್ಸ್ ಮಾಲೆಯೂ ಕನ್ನಡದಲ್ಲಿ ಬಂದಿತು.

'ಅಮರ ಚಿತ್ರ ಕಥೆ' ಮಾಲೆಯ ಆರಂಭಕ್ಕೂ ಕನ್ನಡಕ್ಕೂ ನಿಕಟ ಸಂಬಂಧವಿದೆ. 1965ರಲ್ಲಿ ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಪಾಶ್ಚಾತ್ಯ ಮಕ್ಕಳ ಕಥೆಗಳ ಹತ್ತು ಚಿತ್ರಪುಸ್ತಕಗಳು ಬೆಂಗಳೂರಿನಲ್ಲಿ ಕನ್ನಡದಲ್ಲಿ ಪ್ರಕಟವಾದವು. ಭಾರತೀಯ ಕಥೆಗಳ ಸರಣಿಯನ್ನು ರೂಪಿಸಿದವರು ಕಾರ್ಕಳದಲ್ಲಿ ಜನಿಸಿದ ಅನಂತ ಪೈ (1929–2011). ರಾಮ್ ವಾಯೀರ್ಕರ್ ಚಿತ್ರಿಸಿದ 'ಕೃಷ್ಣ' ಆ ಮಾಲೆಯ 11ನೆಯ ಸಂಖ್ಯೆಯಾಗಿ ಹೊರಬಂದಿತು. ಮೊದಲ ಹತ್ತು ಸಂಖ್ಯೆಗಳು ಆ ಮಕ್ಕಳ ಕಥೆಗಳಿಗೆ ಸಂದಿದ್ದವು. ವೆಚ್ಚದ ಕಾರಣದಿಂದ ಮಾಲೆಯ ಆರಂಭದ ಸಂಚಿಕೆಗಳು ಪೂರ್ಣವರ್ಣದಲ್ಲಿರಲಿಲ್ಲ. ಹಳದಿ, ನೀಲಿ, ಹಸಿರಿನಂತಹ ಕೆಲವೇ ಬಣ್ಣಗಳಿಂದ ಕೆಲಸ ಸಾಗಿತು.

ಡಿಜಿಟಲ್ ವರ್ಣಲೇಪನವು ಕರ್ನಾಟಕದಲ್ಲಿ ಚಿತ್ರಶಾಲೆಯ ಸಾಮೂಹಿಕ ಕೆಲಸವಾಗಿ ಬೆಳೆದದ್ದಕ್ಕೆ 2006ರಲ್ಲಿ ಆರಂಭವಾದ ವರ್ಜಿನ್ ಕಾಮಿಕ್ಸ್ ಉದಾಹರಣೆ. ಅದರ ಚಿತ್ರಶಾಲೆ ಬೆಂಗಳೂರಿನಲ್ಲಿತ್ತು. 'ದೇವಿ', 'ದಿ ಸಾಧು', 'ರಾಮಾಯಣ್ 3392 ಎ.ಡಿ.' ಮುಂತಾದ ಸರಣಿಗಳು ಅಮೆರಿಕದ ಮಾರುಕಟ್ಟೆಯನ್ನು ಉದ್ದೇಶಿಸಿ ಅಲ್ಲಿ ತಯಾರಾದವು. 2008ರಲ್ಲಿ ಸಂಸ್ಥೆ ಪುನರ್ರಚನೆಗೊಂಡು ಲಿಕ್ವಿಡ್ ಕಾಮಿಕ್ಸ್ ಎಂಬ ಹೆಸರನ್ನು ಪಡೆಯಿತು.

ರೇಖಾಚಿತ್ರದ ಸಿದ್ಧತೆ

ಸ್ಕ್ಯಾನ್

ಕಾಗದದ ಮೇಲೆ ಮಸಿಯಿಂದ ಬರೆದ ಚಿತ್ರವನ್ನು ಸಾಮಾನ್ಯವಾಗಿ ಅಂಗುಲಕ್ಕೆ 600 ಚುಕ್ಕೆಗಳ (600 ಡಿಪಿಐ) ಸಾಂದ್ರತೆಯಲ್ಲಿ, ಬೂದುಛಾಯೆಯಲ್ಲಿ ಸ್ಕ್ಯಾನ್ ಮಾಡಲಾಗುತ್ತದೆ. ಎ4 ಅಳತೆಯ ಪುಟ ಆಗ ಸುಮಾರು 4960 × 7016 ಪಿಕ್ಸೆಲ್‌ಗಳಷ್ಟಾಗುತ್ತದೆ. ಬಣ್ಣದ ಭಾಗಕ್ಕೆ 300 ಡಿಪಿಐ ಸಾಕಾಗುತ್ತದೆಯಾದರೂ ರೇಖೆಗೆ ಅದು ಸಾಲದು. 0.1 ಮಿಲಿಮೀಟರ್ ದಪ್ಪದ ಗೆರೆ 300 ಡಿಪಿಐಯಲ್ಲಿ ಒಂದು ಪಿಕ್ಸೆಲ್‌ಗಿಂತ ಸ್ವಲ್ಪ ಹೆಚ್ಚಿನ ಜಾಗವನ್ನು ಮಾತ್ರ ಪಡೆಯುತ್ತದೆ. 600 ಡಿಪಿಐಯಲ್ಲಿ ಅದಕ್ಕೆ ಎರಡಕ್ಕಿಂತ ಹೆಚ್ಚು ಪಿಕ್ಸೆಲ್‌ಗಳು ದೊರೆಯುತ್ತವೆ. ಕೂದಲಿನ ಎಳೆ, ಹುಬ್ಬು, ಸೀರೆಯ ನಿರಿಗೆಯಂತಹ ಸೂಕ್ಷ್ಮ ಗೆರೆಗಳು ಉಳಿಯುವುದು ಅಥವಾ ತುಂಡಾಗುವುದು ಈ ಹಂತದಲ್ಲಿಯೇ ತೀರ್ಮಾನವಾಗುತ್ತದೆ.

ಕಡತವನ್ನು ಟಿಫ್ ಅಥವಾ ಪಿಎನ್‌ಜಿಯಂತಹ ನಷ್ಟರಹಿತ ರೂಪದಲ್ಲಿ ಉಳಿಸಲಾಗುತ್ತದೆ. ಜೆಪೆಗ್ ರೂಪವು ಕಡತವನ್ನು ಕುಗ್ಗಿಸುವಾಗ ಕಪ್ಪು ಗೆರೆಯ ಸುತ್ತ ಮಸುಕಾದ ಬೂದು ಕಲೆಗಳನ್ನು ಉಂಟುಮಾಡುತ್ತದೆ. ಬರಿಗಣ್ಣಿಗೆ ಕಾಣದ ಈ ಕಲೆಗಳು ಮುಂದೆ ಬಣ್ಣ ಸುರಿಯುವಾಗ ಗೆರೆಯಂಚಿನಲ್ಲಿ ಬಿಳಿಯ ಸೀಳುಗಳಾಗಿ ತೋರುತ್ತವೆ. ಸ್ವಂತ ಸ್ಕ್ಯಾನರ್ ಇಲ್ಲದ ಕಲಾವಿದರು ಡಿ.ಟಿ.ಪಿ. ಕೇಂದ್ರಗಳಲ್ಲಿ ಸ್ಕ್ಯಾನ್ ಮಾಡಿಸುವಾಗ ಸಾಂದ್ರತೆ ಮತ್ತು ಕಡತದ ರೂಪ ಎರಡನ್ನೂ ಮೊದಲೇ ತಿಳಿಸುವುದು ವಾಡಿಕೆ.

ಶುದ್ಧೀಕರಣ

ಸ್ಕ್ಯಾನ್ ಆದ ಕಾಗದ ಪೂರ್ಣ ಬಿಳಿಯಾಗಿರುವುದಿಲ್ಲ, ಮಸಿಯೂ ಪೂರ್ಣ ಕಪ್ಪಾಗಿರುವುದಿಲ್ಲ. 'ಲೆವೆಲ್ಸ್' ಎಂಬ ಸಾಧನದಿಂದ ಕಾಗದದ ಬೂದುಬಣ್ಣವನ್ನು ಬಿಳಿಯ ಕಡೆಗೂ ಮಸಿಯನ್ನು ಕಪ್ಪಿನ ಕಡೆಗೂ ಸರಿಸಲಾಗುತ್ತದೆ. ಇದನ್ನು ಅತಿಯಾಗಿ ಮಾಡಿದರೆ ತೆಳುವಾದ ಗೆರೆಗಳು ಅಳಿಸಿಹೋಗುತ್ತವೆ. ಕಡಿಮೆಯಾದರೆ ಕಾಗದದ ನಾರು, ಧೂಳು ಮತ್ತು ಪೆನ್ಸಿಲ್ ಗುರುತುಗಳು ಉಳಿದುಬಿಡುತ್ತವೆ.

ಕರಡನ್ನು ತಿಳಿನೀಲಿ ಪೆನ್ಸಿಲಿನಲ್ಲಿ ಬರೆದು ಅದರ ಮೇಲೆ ಮಸಿ ಹಾಕುವ ರೂಢಿಯಿದ್ದಲ್ಲಿ ಪುಟವನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿ ನೀಲಿ ಚಾನೆಲ್ ಅನ್ನು ಮಾತ್ರ ಉಳಿಸಿಕೊಳ್ಳಲಾಗುತ್ತದೆ. ಆ ಚಾನೆಲ್‌ನಲ್ಲಿ ತಿಳಿನೀಲಿಯು ಬಿಳಿಯ ಕಾಗದದಂತೆಯೇ ಕಾಣುವುದರಿಂದ ಕರಡು ಮಾಯವಾಗಿ ಮಸಿಯ ಗೆರೆ ಮಾತ್ರ ಉಳಿಯುತ್ತದೆ.

ರೇಖೆಯನ್ನು ಬೇರ್ಪಡಿಸುವುದು

ಶುದ್ಧಗೊಂಡ ರೇಖೆಯನ್ನು ಬಣ್ಣದ ಪದರಗಳ ಮೇಲಿರಿಸಲು ಎರಡು ಮಾರ್ಗಗಳಿವೆ. ಮೊದಲನೆಯದು ರೇಖೆಯ ಪದರವನ್ನು 'ಮಲ್ಟಿಪ್ಲೈ' ಎಂಬ ಬೆರಕೆಯ ಕ್ರಮಕ್ಕೆ ಬದಲಿಸುವುದು. ಈ ಕ್ರಮದಲ್ಲಿ ಮೇಲಿನ ಮತ್ತು ಕೆಳಗಿನ ಪದರಗಳ ಮೌಲ್ಯಗಳನ್ನು ಪರಸ್ಪರ ಗುಣಿಸಲಾಗುತ್ತದೆ. ಬಿಳಿಯ ಮೌಲ್ಯ ಒಂದು ಆಗಿರುವುದರಿಂದ ಕೆಳಗಿನ ಬಣ್ಣ ಬದಲಾಗದೆ ಕಾಣುತ್ತದೆ. ಕಪ್ಪಿನ ಮೌಲ್ಯ ಸೊನ್ನೆಯಾದ್ದರಿಂದ ಗೆರೆ ಕಪ್ಪಾಗಿಯೇ ಉಳಿಯುತ್ತದೆ. ಎರಡನೆಯ ಮಾರ್ಗದಲ್ಲಿ ಬಿಳಿಯ ಭಾಗವನ್ನು ಸಂಪೂರ್ಣವಾಗಿ ಪಾರದರ್ಶಕವಾಗಿಸಿ ಗೆರೆಯನ್ನು ಮಾತ್ರ ಉಳಿಸಲಾಗುತ್ತದೆ. ಗಿಂಪ್ ಮತ್ತು ಕ್ರಿಟಾ ತಂತ್ರಾಂಶಗಳಲ್ಲಿ ಇದಕ್ಕೆ 'ಕಲರ್ ಟು ಆಲ್ಫಾ' ಎಂಬ ಆದೇಶವಿದೆ. ಗೆರೆಗೇ ಬಣ್ಣ ಕೊಡಬೇಕಾದಾಗ ಎರಡನೆಯ ಮಾರ್ಗ ಅನುಕೂಲಕರ.

ಮಟ್ಟಸ ಬಣ್ಣ

ನೆರಳು ಬೆಳಕುಗಳಿಲ್ಲದೆ ಪ್ರತಿಯೊಂದು ಆಕಾರಕ್ಕೂ ಒಂದೊಂದು ಸಮತಟ್ಟಾದ ಬಣ್ಣವನ್ನು ತುಂಬುವ ಹಂತವನ್ನು 'ಫ್ಲ್ಯಾಟಿಂಗ್' ಎನ್ನುತ್ತಾರೆ. ಮುಖ, ಕೂದಲು, ಪಂಚೆ, ಮರ, ಆಕಾಶ ಇತ್ಯಾದಿ ಪ್ರತಿಯೊಂದೂ ಬೇರೆ ಬಣ್ಣ ಪಡೆಯುತ್ತದೆ. ಈ ಹಂತದ ಬಣ್ಣಗಳು ಅಂತಿಮವಾಗಿರಬೇಕೆಂದಿಲ್ಲ. ಒಂದು ಆಕಾರವನ್ನು ಮುಂದೆ ಒಂದೇ ಬಾರಿಗೆ ಆಯ್ಕೆಮಾಡಲು ನೆರವಾಗುವುದು ಅವುಗಳ ಮುಖ್ಯ ಉಪಯೋಗ.

ಈ ಹಂತದ ನಿಯಮಗಳು ಕೆಲವೇ ಆದರೂ ಕಟ್ಟುನಿಟ್ಟಾದವು. ಬಣ್ಣ ತುಂಬುವ ಸಾಧನಗಳಲ್ಲಿ ಅಂಚನ್ನು ನುಣುಪುಗೊಳಿಸುವ 'ಆಂಟಿ ಅಲಿಯಾಸಿಂಗ್' ಸೌಲಭ್ಯವನ್ನು ನಿಲ್ಲಿಸಲಾಗುತ್ತದೆ. ಅದು ಚಾಲನೆಯಲ್ಲಿದ್ದರೆ ಎರಡು ಬಣ್ಣಗಳ ನಡುವೆ ಮಿಶ್ರಬಣ್ಣದ ಪಿಕ್ಸೆಲ್‌ಗಳು ಹುಟ್ಟಿ, ಮುಂದಿನ ಆಯ್ಕೆಗಳಲ್ಲಿ ಅಂಚುಗಳು ಬಿಟ್ಟುಹೋಗುತ್ತವೆ. ಬಣ್ಣ ಗೆರೆಯ ಅಂಚಿಗೆ ಬಂದು ನಿಲ್ಲದೆ ಗೆರೆಯ ಅಡಿಗೆ, ಅದರ ನಡುವಿನವರೆಗೆ ಹರಡಬೇಕು. ಮುದ್ರಣದಲ್ಲಿ ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಬಿಳಿಯ ಸೀಳು ಕಾಣದಂತೆ ಇದು ಕಾಪಾಡುತ್ತದೆ. ಗೆರೆಗಳಲ್ಲಿ ತೆರಪುಗಳಿದ್ದರೆ ಸುರಿದ ಬಣ್ಣ ಪಕ್ಕದ ಆಕಾರಕ್ಕೆ ಸೋರುತ್ತದೆ. ಆದ್ದರಿಂದ ತೆರಪುಗಳನ್ನು ಬಣ್ಣದ ಪದರದಲ್ಲಿ ಮುಚ್ಚಲಾಗುತ್ತದೆ, ಮೂಲ ರೇಖೆಯನ್ನು ತಿದ್ದುವುದಿಲ್ಲ.

ದೊಡ್ಡ ಚಿತ್ರಶಾಲೆಗಳಲ್ಲಿ ಮಟ್ಟಸ ಬಣ್ಣ ತುಂಬುವುದು ಪ್ರತ್ಯೇಕ ಉದ್ಯೋಗವಾಗಿದೆ. 'ಫ್ಲ್ಯಾಟರ್' ಎಂದು ಕರೆಯಲಾಗುವ ಈ ಸಹಾಯಕರಿಗೆ ಸಾಮಾನ್ಯವಾಗಿ ಪುಟದ ಲೆಕ್ಕದಲ್ಲಿ ಸಂಭಾವನೆ ದೊರೆಯುತ್ತದೆ. ವರ್ಣ ಕಲೆಯನ್ನು ಕಲಿಯುವ ಅನೇಕರು ಈ ಕೆಲಸದಿಂದ ಆರಂಭಿಸುತ್ತಾರೆ.

ವರ್ಣಯೋಜನೆ

ಮಟ್ಟಸ ಬಣ್ಣಗಳ ಅಡಿಪಾಯ ಸಿದ್ಧವಾದ ಮೇಲೆ ದೃಶ್ಯದ ಕಾಲ, ಸ್ಥಳ ಮತ್ತು ಭಾವಕ್ಕೆ ತಕ್ಕ ಬಣ್ಣಗಳನ್ನು ನಿರ್ಧರಿಸಲಾಗುತ್ತದೆ. ವಸ್ತುವಿನ ಸ್ವಂತ ಬಣ್ಣವನ್ನು ಸ್ಥಾನಿಕ ವರ್ಣ ಎನ್ನುತ್ತಾರೆ. ಬೆಳಕು, ದೂರ ಮತ್ತು ಸುತ್ತಲಿನ ಪ್ರತಿಫಲನಗಳಿಂದ ಸ್ಥಾನಿಕ ವರ್ಣ ಬದಲಾಗಿ ಕಾಣುತ್ತದೆ.

ತುಮಕೂರು ಜಿಲ್ಲೆಯ ಕೊರಟಗೆರೆ, ಮಧುಗಿರಿ, ಶಿರಾ ಮತ್ತು ಪಾವಗಡ ತಾಲ್ಲೂಕುಗಳ ಬಯಲುಸೀಮೆಯ ದೃಶ್ಯ ಇದಕ್ಕೆ ತಕ್ಕ ಉದಾಹರಣೆ. ಮಧುಗಿರಿಯ ಏಕಶಿಲಾ ಬೆಟ್ಟವಾಗಲಿ ಕೊರಟಗೆರೆ ಸಮೀಪದ ಸಿದ್ಧರಬೆಟ್ಟವಾಗಲಿ ಕಣಶಿಲೆಯ ಬಂಡೆಗಳಿಂದಾದವು. ಬಂಡೆ ಎಂದೊಡನೆ ಶುದ್ಧ ಬೂದುಬಣ್ಣವನ್ನು ತುಂಬಿದರೆ ಅದು ಸಿಮೆಂಟಿನ ಗೋಡೆಯಂತೆ ತೋರುತ್ತದೆ. ಬೆಳಗಿನ ಬಿಸಿಲಿನಲ್ಲಿ ಬಂಡೆಯ ಬಿಸಿಲಿನ ಮುಖ ಕಂದುಹಳದಿಯ ಕಡೆಗೂ ನೆರಳಿನ ಮುಖ ಆಕಾಶದ ಪ್ರತಿಫಲನದಿಂದ ನೀಲಿಯ ಕಡೆಗೂ ವಾಲುತ್ತದೆ. ಮಳೆನೀರು ಹರಿದ ಜಾಡುಗಳು ಕಪ್ಪು ಪಟ್ಟಿಗಳಾಗಿರುತ್ತವೆ. ದೂರದ ಬೆಟ್ಟಸಾಲು ವಾತಾವರಣದ ಕಾರಣದಿಂದ ತಿಳಿಯಾಗಿ, ನೀಲಿಯಾಗಿ, ಕಡಿಮೆ ವ್ಯತ್ಯಾಸದಿಂದ ಕಾಣುತ್ತದೆ. ಹೀಗೆ ಒಂದೇ ರೇಖಾಚಿತ್ರದಲ್ಲಿ ಸಮೀಪ ಮತ್ತು ದೂರಗಳ ಭೇದವನ್ನು ಬಣ್ಣವೇ ನಿರೂಪಿಸುತ್ತದೆ.

ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಸೆಮರಗಳಲ್ಲಿ ಗೂಡುಕಟ್ಟುವ ಬಣ್ಣದ ಕೊಕ್ಕರೆ ಮತ್ತೊಂದು ಬಗೆಯ ಸಮಸ್ಯೆಯನ್ನು ಮುಂದಿಡುತ್ತದೆ. ಬಿಳಿಯ ಮೈ, ಎದೆಯ ಮೇಲೆ ಮತ್ತು ರೆಕ್ಕೆಗಳಲ್ಲಿ ಕಪ್ಪು, ಬಾಲದ ಬಳಿ ಗುಲಾಬಿ, ಹಳದಿ ಕೊಕ್ಕು ಇವು ಈ ಪಕ್ಷಿಯ ಬಣ್ಣಗಳು. ಇಲ್ಲಿ ರೆಕ್ಕೆಯ ಕಪ್ಪು ಸ್ಥಾನಿಕ ವರ್ಣ, ಹೊರಗೆರೆಯ ಕಪ್ಪು ರೇಖೆ. ಎರಡನ್ನೂ ರೇಖೆಯ ಪದರದಲ್ಲಿಯೇ ತುಂಬಿದರೆ ಗರಿಗಳ ವಿವರ ಕಪ್ಪಿನಲ್ಲಿ ಮುಳುಗುತ್ತದೆ. ಗರಿಯ ಕಪ್ಪನ್ನು ಬಣ್ಣದ ಪದರದಲ್ಲಿ ಕಡುನೀಲಿಮಿಶ್ರಿತ ಬೂದುಬಣ್ಣವಾಗಿ ಇರಿಸಿದರೆ ಗೆರೆ ಪ್ರತ್ಯೇಕವಾಗಿ ಕಾಣುತ್ತದೆ.

ಪುಟದ ಸ್ಪಷ್ಟತೆಯನ್ನು ಪರೀಕ್ಷಿಸಲು ಚಿತ್ರವನ್ನು ತಾತ್ಕಾಲಿಕವಾಗಿ ಬೂದುಛಾಯೆಗೆ ಬದಲಿಸಿ ನೋಡುವುದುಂಟು. ಮುಖ್ಯ ಪಾತ್ರವು ಹಿನ್ನೆಲೆಯಿಂದ ಬೇರೆಯಾಗಿ ಕಾಣದಿದ್ದರೆ ಬಣ್ಣಗಳು ಎಷ್ಟೇ ಭಿನ್ನವಾಗಿದ್ದರೂ ಅವುಗಳ ಗಾಢತೆ ಒಂದೇ ಆಗಿದೆ ಎಂದರ್ಥ. ಕೆಂಪು ಮತ್ತು ಹಸಿರನ್ನು ಪ್ರತ್ಯೇಕಿಸಲಾಗದ ವರ್ಣಾಂಧತೆಯುಳ್ಳ ಓದುಗರಿಗೂ, ಪುಟವನ್ನು ಜೆರಾಕ್ಸ್ ಮಾಡಿ ಹಂಚುವ ಶಾಲೆಗಳಿಗೂ ಈ ಪರೀಕ್ಷೆಯಿಂದ ಪ್ರಯೋಜನವಿದೆ.

ನೆರಳು, ಬೆಳಕು ಮತ್ತು ವರ್ಣರೇಖೆ

ನೆರಳು ಕೊಡುವುದರಲ್ಲಿ ಎರಡು ಪ್ರಮುಖ ಶೈಲಿಗಳಿವೆ. ಅನಿಮೇಷನ್ ಚಿತ್ರಗಳಿಂದ ಬಂದ 'ಸೆಲ್' ಶೈಲಿಯಲ್ಲಿ ನೆರಳಿಗೆ ಖಚಿತವಾದ ಅಂಚಿರುತ್ತದೆ. ಪ್ರತಿ ಬಣ್ಣಕ್ಕೂ ಒಂದು ಅಥವಾ ಎರಡು ಗಾಢ ಛಾಯೆಗಳು ಮಾತ್ರ ಇರುತ್ತವೆ. ವರ್ಣಚಿತ್ರ ಶೈಲಿಯಲ್ಲಿ ಕುಂಚದ ಹೊಡೆತಗಳಿಂದ ಛಾಯೆಗಳು ಒಂದರೊಳಗೊಂದು ಕರಗುತ್ತವೆ. ಮಸಿಯ ರೇಖೆಯಲ್ಲಿಯೇ ನೆರಳಿನ ಗೀಟುಗಳಿರುವ ಚಿತ್ರಗಳಿಗೆ ಮೊದಲ ಶೈಲಿ ಹೊಂದಿಕೊಳ್ಳುತ್ತದೆ. ಅಂತಹ ಚಿತ್ರಕ್ಕೆ ಸೂಕ್ಷ್ಮ ಛಾಯೆಗಳನ್ನೂ ಸೇರಿಸಿದರೆ ಒಂದೇ ನೆರಳನ್ನು ಎರಡು ಬಾರಿ ಹೇಳಿದಂತಾಗಿ ಚಿತ್ರ ಮಂಕಾಗುತ್ತದೆ.

ನೆರಳನ್ನು ಮಟ್ಟಸ ಬಣ್ಣದ ಮೇಲೆ ಪ್ರತ್ಯೇಕ ಮಲ್ಟಿಪ್ಲೈ ಪದರದಲ್ಲಿ ಬಳಿಯುವುದು ಸಾಮಾನ್ಯ. ನೆರಳಿಗೆ ಕಪ್ಪನ್ನು ಬಳಸದೆ ನೇರಳೆ ಅಥವಾ ನೀಲಿಯ ಛಾಯೆಯನ್ನು ಬಳಸಲಾಗುತ್ತದೆ. ಬೆಂಕಿ, ದೀಪ, ಹೊಗೆ, ಮಿಂಚು ಮುಂತಾದ ಹೊರಗೆರೆಯಿಲ್ಲದ ವಸ್ತುಗಳ ಗೆರೆಗೆ ಕಪ್ಪಿನ ಬದಲು ಬಣ್ಣ ಕೊಡಲಾಗುತ್ತದೆ. ಇದನ್ನು 'ಕಲರ್ ಹೋಲ್ಡ್' ಅಥವಾ ವರ್ಣರೇಖೆ ಎನ್ನುತ್ತಾರೆ. ದೀಪದ ಕುಡಿಯ ಗೆರೆ ಕಿತ್ತಳೆಯಾದರೆ ಅದು ಬೆಳಕಿನ ಭಾಗವಾಗಿ ಕಾಣುತ್ತದೆ. ಕಪ್ಪಾಗಿಯೇ ಉಳಿದರೆ ಗಟ್ಟಿ ವಸ್ತುವಿನಂತೆ ತೋರುತ್ತದೆ.

ಮೈಬಣ್ಣದ ಪ್ರಶ್ನೆ

ರೇಖೆಯಲ್ಲಿ ಮೈಬಣ್ಣವಿರುವುದಿಲ್ಲ, ಅದನ್ನು ವರ್ಣಲೇಪನದ ಹಂತದಲ್ಲಿ ಆಯ್ಕೆಮಾಡಲಾಗುತ್ತದೆ. ಪಾತ್ರದ ಮೈಬಣ್ಣವನ್ನು ಒಮ್ಮೆ ವರ್ಣಫಲಕದಲ್ಲಿ ಉಳಿಸಿಕೊಂಡರೆ ಅದೇ ಬಣ್ಣ ಇಡೀ ಪುಸ್ತಕಕ್ಕೆ, ಕೆಲವೊಮ್ಮೆ ಇಡೀ ಮಾಲೆಗೆ ಅನ್ವಯವಾಗುತ್ತದೆ. ಆದ್ದರಿಂದ ಈ ಒಂದು ಆಯ್ಕೆಯ ಪರಿಣಾಮ ವ್ಯಾಪಕವಾದುದು.

ಭಾರತೀಯ ಪೌರಾಣಿಕ ಚಿತ್ರಕಥೆಗಳಲ್ಲಿ ನಾಯಕ ನಾಯಕಿಯರಿಗೆ ತಿಳಿ ಗುಲಾಬಿ ಮೈಬಣ್ಣವನ್ನೂ, ಅಸುರರಿಗೆ ಮತ್ತು ಸೇವಕರಿಗೆ ಕಡುಗಂದು ಬಣ್ಣವನ್ನೂ ಕೊಡುವ ರೂಢಿ ಟೀಕೆಗೆ ಒಳಗಾಗಿದೆ. ಅಮರ ಚಿತ್ರ ಕಥೆಯನ್ನು ಕುರಿತು ನಂದಿನಿ ಚಂದ್ರ (2008) ಮತ್ತು ಕಾರ್ಲೈನ್ ಮೆಕ್‌ಲೇನ್ (2009) ಬರೆದ ಅಧ್ಯಯನ ಗ್ರಂಥಗಳು ಚಿತ್ರಗಳ ಮೂಲಕ ವ್ಯಕ್ತವಾಗುವ ಸಾಮಾಜಿಕ ದೃಷ್ಟಿಯನ್ನು ಚರ್ಚಿಸಿವೆ. ಕೃಷ್ಣ ಎಂಬ ಪದಕ್ಕೇ ಕಪ್ಪು ಎಂಬ ಅರ್ಥವಿದ್ದರೂ ಕೃಷ್ಣನನ್ನು ನೀಲಿಯಾಗಿ ಚಿತ್ರಿಸುವುದು ಅಚ್ಚಿನ ಚಿತ್ರಗಳಲ್ಲಿ ನೆಲೆನಿಂತ ಸಂಪ್ರದಾಯ.

ಈ ರೂಢಿಗೆ ಒಂದು ತಾಂತ್ರಿಕ ಮುಖವೂ ಇದೆ. ಸೀಮಿತ ಬಣ್ಣಗಳ ಮುದ್ರಣದಲ್ಲಿ ಕಂದುಬಣ್ಣಕ್ಕೆ ಮೂರೂ ಮಸಿಗಳು ಬೇಕಾಗುತ್ತವೆ. ಅಗ್ಗದ ಕಾಗದದಲ್ಲಿ ಅದು ಹರಡಿ ಮುಖದ ಗೆರೆಗಳನ್ನು ಮುಚ್ಚುತ್ತದೆ. ಗಣಕದ ವಿಧಾನದಲ್ಲಿ ಈ ಅಡಚಣೆ ಬಹುಮಟ್ಟಿಗೆ ನಿವಾರಣೆಯಾಗಿದೆ. ಕಂದು ಮೈಬಣ್ಣದ ಮೇಲೆ ಬೆಳಕಿನ ಭಾಗಗಳನ್ನು ಕಿತ್ತಳೆ ಅಥವಾ ಕೆಂಪುಮಿಶ್ರಿತ ಛಾಯೆಗಳಲ್ಲಿ ಹೆಚ್ಚಿಸಿದರೆ ಮುಖದ ರೇಖೆಗಳು ಸ್ಪಷ್ಟವಾಗಿ ಉಳಿಯುತ್ತವೆ. ಪದರಗಳನ್ನು ಬೇರೆಯಾಗಿ ಕಾಯ್ದಿರಿಸಿದ ಕೃತಿಗಳ ಮರುಮುದ್ರಣದಲ್ಲಿ ರೇಖೆಯನ್ನು ಮುಟ್ಟದೆ ಮೈಬಣ್ಣವನ್ನು ಪುನರ್ವಿಮರ್ಶಿಸುವುದು ಸಾಧ್ಯ.

ಕನ್ನಡ ಅಕ್ಷರ ಮತ್ತು ಕಪ್ಪು ಪ್ಲೇಟ್

ಮಾತಿನ ಗುಳ್ಳೆಗಳಲ್ಲಿನ ಅಕ್ಷರವನ್ನು ಕಪ್ಪು ಮಸಿಯಲ್ಲಿ ಮಾತ್ರ ಮುದ್ರಿಸಿದರೆ ಬಹುಭಾಷಾ ಪ್ರಕಟಣೆಯಲ್ಲಿ ದೊಡ್ಡ ಉಳಿತಾಯವಾಗುತ್ತದೆ. ಸಿಯಾನ್, ಮೆಜೆಂಟಾ ಮತ್ತು ಹಳದಿ ಪ್ಲೇಟುಗಳು ಎಲ್ಲ ಭಾಷೆಗಳಿಗೂ ಒಂದೇ ಆಗಿರುತ್ತವೆ. ಪ್ರತಿ ಭಾಷೆಗೂ ಕಪ್ಪು ಪ್ಲೇಟನ್ನು ಮಾತ್ರ ಬದಲಿಸಬೇಕಾಗುತ್ತದೆ. ಶೀರ್ಷಿಕೆಗೆ ಬಣ್ಣದ ಅಕ್ಷರಗಳನ್ನು ಬಳಸಿದರೆ ಅಥವಾ ಸದ್ದಿನ ಪದಗಳನ್ನು ('ಧಡ್', 'ಢಮಾರ್') ಚಿತ್ರದೊಳಗೇ ಬಿಡಿಸಿದರೆ ಈ ಅನುಕೂಲ ತಪ್ಪುತ್ತದೆ. ಅಂತಹ ಪದಗಳನ್ನು ಪ್ರತ್ಯೇಕ ಪದರದಲ್ಲಿರಿಸಿ, ಅವುಗಳ ಹಿಂದಿನ ಚಿತ್ರವನ್ನು ಪೂರ್ಣವಾಗಿ ಬಿಡಿಸಿಡುವುದು ಇದಕ್ಕೆ ಪರಿಹಾರ.

ಕನ್ನಡ ಲಿಪಿಯ ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕವು ಹಾಗೂ ತೆಳುಗೆರೆಯವು. ನಾಲ್ಕು ಮಸಿಗಳನ್ನು ಬೆರೆಸಿದ ಕಪ್ಪಿನಲ್ಲಿ ಅವನ್ನು ಮುದ್ರಿಸಿದರೆ ಪ್ಲೇಟುಗಳು ಸ್ವಲ್ಪ ಸರಿದಾಗಲೂ ಅಂಚಿನಲ್ಲಿ ಬಣ್ಣದ ಛಾಯೆ ಮೂಡಿ ಒತ್ತಕ್ಷರ ಕಲಸಿಹೋಗುತ್ತದೆ. ಆದ್ದರಿಂದ ಅಕ್ಷರಕ್ಕೆ 100 ಶೇಕಡಾ ಕಪ್ಪು ಮಸಿಯನ್ನು ಮಾತ್ರ ಬಳಸಲಾಗುತ್ತದೆ. ಒತ್ತಕ್ಷರಗಳು ಸಾಲಿನ ಕೆಳಗೂ, ಗುಡಿಸು ಮುಂತಾದ ಸ್ವರಚಿಹ್ನೆಗಳು ಮೇಲಕ್ಕೂ ಚಾಚುವುದರಿಂದ ಕನ್ನಡಕ್ಕೆ ಇಂಗ್ಲಿಷಿಗಿಂತ ಹೆಚ್ಚಿನ ಸಾಲಂತರ ಬೇಕು. ಇಂಗ್ಲಿಷಿನ ಅಳತೆಗೆ ಬಿಡಿಸಿದ ಗುಳ್ಳೆಗಳು ಕನ್ನಡದ ಮಾತಿಗೆ ಇಕ್ಕಟ್ಟಾಗುತ್ತವೆ. ಗುಳ್ಳೆಯೂ ಪ್ರತ್ಯೇಕ ಪದರದಲ್ಲಿದ್ದರೆ ಅದನ್ನು ಹಿಗ್ಗಿಸಬಹುದು.

ಚಿತ್ರ ತಂತ್ರಾಂಶಗಳ ಹಳೆಯ ಆವೃತ್ತಿಗಳು ಯುನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತಿರಲಿಲ್ಲ. ಆದ್ದರಿಂದ ನುಡಿ, ಬರಹ ಮುಂತಾದ ತಂತ್ರಾಂಶಗಳ ಯುನಿಕೋಡ್ ಅಲ್ಲದ ಅಕ್ಷರಶೈಲಿಗಳು ಬಳಕೆಗೆ ಬಂದವು. ಆ ಪಠ್ಯವು ತೆರೆಯ ಮೇಲೆ ಸರಿಯಾಗಿ ಕಂಡರೂ ಹುಡುಕಾಟಕ್ಕೆ ಮತ್ತು ಬೇರೆಡೆ ಮರುಬಳಕೆಗೆ ಒದಗುವುದಿಲ್ಲ. ಈಗಿನ ಆವೃತ್ತಿಗಳಲ್ಲಿ ಯುನಿಕೋಡ್ ಕನ್ನಡವನ್ನು ನೇರವಾಗಿ ಬಳಸಬಹುದು. ಬಲೂ ತಮ್ಮ, ನೋಟೋ ಸಾನ್ಸ್ ಕನ್ನಡ, ಗುಬ್ಬಿ, ನವಿಲು ಮೊದಲಾದ ಮುಕ್ತ ಅಕ್ಷರಶೈಲಿಗಳು ಲಭ್ಯವಿವೆ.

ಮುದ್ರಣಕ್ಕೆ ಸಿದ್ಧತೆ

ಪರದೆಯು ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಕೂಡಿಸಿ ಬಣ್ಣ ತೋರಿಸುತ್ತದೆ (ಆರ್‌ಜಿಬಿ). ಮುದ್ರಣವು ಮಸಿಗಳಿಂದ ಬೆಳಕನ್ನು ಕಳೆದು ಬಣ್ಣ ತೋರಿಸುತ್ತದೆ (ಸಿಎಂವೈಕೆ). ಪರದೆಯ ಪ್ರಖರ ಗಿಳಿಹಸಿರು, ಕಡುನೀಲಿ, ಹೊಳೆಯುವ ಕಿತ್ತಳೆ ಬಣ್ಣಗಳಿಗೆ ಮುದ್ರಣದಲ್ಲಿ ಸಮಾನ ಬಣ್ಣಗಳಿಲ್ಲ. ಮುದ್ರಣದ ವರ್ಣವಿವರವನ್ನು (ಪ್ರೊಫೈಲ್) ಅನ್ವಯಿಸಿ ಪರದೆಯಲ್ಲಿಯೇ ಮುನ್ನೋಟ ಪಡೆಯುವುದರಿಂದ ಈ ವ್ಯತ್ಯಾಸ ಮೊದಲೇ ತಿಳಿಯುತ್ತದೆ.

ನಾಲ್ಕೂ ಮಸಿಗಳ ಒಟ್ಟು ಪ್ರಮಾಣಕ್ಕೆ ಮಿತಿಯಿದೆ. ನಯವಾದ ಲೇಪಿತ ಕಾಗದಕ್ಕೆ ಸುಮಾರು 300 ಶೇಕಡಾ, ಪತ್ರಿಕಾ ಕಾಗದಕ್ಕೆ ಸುಮಾರು 240 ಶೇಕಡಾ ರೂಢಿಯ ಮಿತಿಗಳು. ಮಿತಿ ಮೀರಿದರೆ ಮಸಿ ಒಣಗದೆ ಎದುರು ಪುಟಕ್ಕೆ ಅಂಟುತ್ತದೆ. ಪತ್ರಿಕಾ ಕಾಗದದಲ್ಲಿ ಮಸಿಯ ಚುಕ್ಕೆಗಳು ಹರಡುವುದರಿಂದ ನಡುಛಾಯೆಗಳು ಪರದೆಯಲ್ಲಿ ಕಂಡದ್ದಕ್ಕಿಂತ ಗಾಢವಾಗುತ್ತವೆ. ಅದನ್ನು ಊಹಿಸಿ ಬಣ್ಣಗಳನ್ನು ತುಸು ತಿಳಿಯಾಗಿಸುವುದು ರೂಢಿ.

ರೇಖೆಯ ಕಪ್ಪನ್ನು ಕೆಳಗಿನ ಬಣ್ಣದ ಮೇಲೆಯೇ ಮುದ್ರಿಸುವ ಕ್ರಮಕ್ಕೆ 'ಓವರ್‌ಪ್ರಿಂಟ್' ಎಂದು ಹೆಸರು. ಇದಕ್ಕೆ ಬದಲಾಗಿ ಗೆರೆಯ ಜಾಗದಲ್ಲಿ ಕೆಳಗಿನ ಬಣ್ಣವನ್ನು ಕತ್ತರಿಸಿ ತೆಗೆದರೆ ಪ್ಲೇಟು ಸರಿದಾಗ ಬಿಳಿಯ ಸೀಳು ಕಾಣುತ್ತದೆ. ಇಡೀ ಚಿತ್ರವನ್ನು ಒಂದೇ ಪದರವಾಗಿ ಬೆಸೆದು ಆರ್‌ಜಿಬಿಯಿಂದ ಸಿಎಂವೈಕೆಗೆ ಪರಿವರ್ತಿಸಿದರೆ ರೇಖೆಯ ಶುದ್ಧ ಕಪ್ಪು ನಾಲ್ಕು ಮಸಿಗಳ ಮಿಶ್ರಣವಾಗಿಬಿಡುತ್ತದೆ. ಈ ಕಾರಣದಿಂದ ಬಣ್ಣದ ಪದರಗಳನ್ನು ಮೊದಲು ಪರಿವರ್ತಿಸಿ, ರೇಖೆ ಮತ್ತು ಅಕ್ಷರಗಳನ್ನು ಆಮೇಲೆ ಕಪ್ಪು ಚಾನೆಲ್‌ನಲ್ಲಿ ಸೇರಿಸಲಾಗುತ್ತದೆ.

ತಂತ್ರಾಂಶಗಳು

ಅಡೋಬಿ ಫೋಟೋಶಾಪ್ ಮತ್ತು ಜಪಾನಿನ ಸೆಲ್ಸಿಸ್ ಸಂಸ್ಥೆಯ ಕ್ಲಿಪ್ ಸ್ಟುಡಿಯೋ ಪೇಂಟ್ ವ್ಯಾಪಕ ಬಳಕೆಯಲ್ಲಿರುವ ವಾಣಿಜ್ಯ ತಂತ್ರಾಂಶಗಳು. ಉಚಿತ ಹಾಗೂ ಮುಕ್ತ ತಂತ್ರಾಂಶಗಳಲ್ಲಿ ಗಿಂಪ್ ಮತ್ತು ಕ್ರಿಟಾ ಪ್ರಮುಖವಾದವು. ಕ್ರಿಟಾ ಸಿಎಂವೈಕೆ ವಿಧಾನದಲ್ಲಿಯೂ ಕೆಲಸ ಮಾಡುತ್ತದೆ. ಪುಟವಿನ್ಯಾಸಕ್ಕೆ ಮತ್ತು ಮುದ್ರಣದ ಪಿಡಿಎಫ್ ತಯಾರಿಕೆಗೆ ಸ್ಕ್ರೈಬಸ್, ಅಕ್ಷರ ಮತ್ತು ಗುಳ್ಳೆಗಳಿಗೆ ಇಂಕ್‌ಸ್ಕೇಪ್ ಬಳಕೆಯಾಗುತ್ತವೆ.

ಪದರಗಳ ಬೇರ್ಪಡಿಕೆ ಅನುವಾದಕ್ಕೆ ಹೇಗೆ ನೆರವಾಗುತ್ತದೆ ಎಂಬುದನ್ನು ಫ್ರಾನ್ಸ್‌ನ ಡೇವಿಡ್ ರೆವಾ 2014ರಿಂದ ಪ್ರಕಟಿಸುತ್ತಿರುವ 'ಪೆಪ್ಪರ್ ಅಂಡ್ ಕ್ಯಾರಟ್' ಜಾಲಚಿತ್ರಕಥೆ ತೋರಿಸುತ್ತದೆ. ಕ್ರಿಟಾದಲ್ಲಿ ಚಿತ್ರಿಸುವ ಈ ಕೃತಿಯ ಮೂಲ ಕಡತಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಲಭ್ಯವಿವೆ. ಚಿತ್ರ ಒಂದು ಕಡತದಲ್ಲಿ, ಮಾತಿನ ಗುಳ್ಳೆಗಳು ಮತ್ತೊಂದು ಕಡತದಲ್ಲಿ ಇರುವುದರಿಂದ ಸ್ವಯಂಸೇವಕರು ಚಿತ್ರವನ್ನು ಮುಟ್ಟದೆ ತಮ್ಮ ಭಾಷೆಯ ಆವೃತ್ತಿಯನ್ನು ತಯಾರಿಸುತ್ತಾರೆ.

ಸ್ವಯಂಚಾಲಿತ ವರ್ಣಲೇಪನ

ತೆರಪುಗಳಿರುವ ಗೆರೆಯನ್ನೂ ಗುರುತಿಸಿ ಬಣ್ಣ ತುಂಬುವ ಸೌಲಭ್ಯ ಕ್ರಿಟಾದ 4.0 ಆವೃತ್ತಿಯಲ್ಲಿ (2018) ಮತ್ತು ಗಿಂಪ್‌ನ 2.10.10 ಆವೃತ್ತಿಯಲ್ಲಿ (2019) ಬಂದಿತು. ಬಳಕೆದಾರರು ಪ್ರತಿ ಆಕಾರದೊಳಗೆ ಬಣ್ಣದ ಒಂದು ಗೀಟು ಎಳೆದರೆ ಕ್ರಿಟಾ ಉಳಿದ ಭಾಗವನ್ನು ತುಂಬುತ್ತದೆ. ಯಂತ್ರಕಲಿಕೆಯನ್ನು ಆಧರಿಸಿದ ಜಪಾನಿನ 'ಪೇಂಟ್ಸ್ ಚೈನರ್' 2017ರಲ್ಲಿ ಬಳಕೆಗೆ ಬಂದಿತು. ಇಂತಹ ಸಾಧನಗಳು ಮಟ್ಟಸ ಬಣ್ಣದ ಶ್ರಮವನ್ನು ಕಡಿಮೆ ಮಾಡುತ್ತವೆ. ಆದರೆ ಒಂದೇ ಪಾತ್ರಕ್ಕೆ ಪುಟದಿಂದ ಪುಟಕ್ಕೆ ಒಂದೇ ಬಣ್ಣವನ್ನು ಉಳಿಸುವುದು, ಕಥೆಯ ಕಾಲ ಮತ್ತು ಪ್ರದೇಶಕ್ಕೆ ತಕ್ಕ ಬಣ್ಣವನ್ನು ಆರಿಸುವುದು ಕಲಾವಿದರ ಹೊಣೆಯಾಗಿಯೇ ಉಳಿದಿದೆ.

ಹಕ್ಕು ಮತ್ತು ಹೆಸರು

ಚಿತ್ರಕಥೆಯ ಮುಖಪುಟದಲ್ಲಿ ಲೇಖಕ ಮತ್ತು ಚಿತ್ರಕಾರರ ಹೆಸರುಗಳಿದ್ದರೂ ಬಣ್ಣ ತುಂಬಿದವರ ಹೆಸರು ಬಹುಕಾಲ ಮುದ್ರಣಗೊಳ್ಳುತ್ತಿರಲಿಲ್ಲ. ಹಳೆಯ ಪತ್ರಿಕೆಗಳಲ್ಲಿ ಈ ಕೆಲಸ ಮುದ್ರಣಾಲಯದ ಕೆಲಸದ ಭಾಗವೆಂದು ಪರಿಗಣಿತವಾದದ್ದು ಇದಕ್ಕೆ ಕಾರಣ. ಗಣಕದ ವಿಧಾನ ಬಂದಮೇಲೆ ವರ್ಣ ಕಲಾವಿದರ ಹೆಸರನ್ನು ಒಳಪುಟದಲ್ಲಿ ನಮೂದಿಸುವುದು ಸಾಮಾನ್ಯವಾಗಿದೆ.

ಭಾರತದ ಕೃತಿಸ್ವಾಮ್ಯ ಕಾಯಿದೆ, 1957ರ ಪ್ರಕಾರ ಚಿತ್ರವು ಕಲಾಕೃತಿಯ ವ್ಯಾಪ್ತಿಗೆ ಬರುತ್ತದೆ. ನೌಕರಿಯ ಭಾಗವಾಗಿ ರಚಿಸಿದ ಕೃತಿಗೆ ಬೇರೆ ಒಪ್ಪಂದವಿಲ್ಲದಿದ್ದಲ್ಲಿ 17ನೆಯ ಕಲಮಿನಂತೆ ಉದ್ಯೋಗದಾತರೇ ಮೊದಲ ಹಕ್ಕುದಾರರು. ಆದರೆ ಕೃತಿಯ ಕರ್ತೃತ್ವವನ್ನು ಪ್ರತಿಪಾದಿಸುವ ವಿಶೇಷ ಹಕ್ಕು 57ನೆಯ ಕಲಮಿನಂತೆ ಕರ್ತೃವಿನಲ್ಲಿಯೇ ಉಳಿಯುತ್ತದೆ. ಪದರಗಳಿರುವ ಮೂಲ ಕಡತ ಯಾರ ಬಳಿ ಉಳಿಯಬೇಕು ಎಂಬುದನ್ನು ಒಪ್ಪಂದದಲ್ಲಿ ಸ್ಪಷ್ಟಪಡಿಸುವುದು ಪ್ರಕಾಶಕರಿಗೂ ಕಲಾವಿದರಿಗೂ ಮುಖ್ಯ. ಬೆಸೆದ ಚಿತ್ರ ಮಾತ್ರ ಉಳಿದು ಮೂಲ ಕಡತ ಕಳೆದುಹೋದರೆ ಮರುಮುದ್ರಣ, ಅನುವಾದ ಮತ್ತು ಬಣ್ಣದ ತಿದ್ದುಪಡಿ ಮೂರೂ ಕಷ್ಟಸಾಧ್ಯವಾಗುತ್ತವೆ.

ಇವನ್ನೂ ನೋಡಿ

ಅಮರ ಚಿತ್ರ ಕಥೆ
ಅನಂತ ಪೈ
ಚಂದಮಾಮ
ವ್ಯಂಗ್ಯಚಿತ್ರ
ಕನ್ನಡ ಲಿಪಿ
ಯುನಿಕೋಡ್